ಅರಿಸಿನದ ಬೊಂಬೆ

ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದನ್ನು ಓದುವಾಗ ತುಟಿ ಅಲ್ಲಾಡಿಸಬೇಡಿ, ಪಕ್ಕದ ಮನೆಯವಳು ತುಟಿ ನೋಡಿಯೇ ಮಾತು ಹಿಡಿಯೋ ಪೈಕಿ. ನನ್ನ ಬಾಯಿಂದ ನಿಮ್ಮ ಕಿವಿಗೆ. ನಿಮ್ಮ ಕಿವಿಯಿಂದ ನಿಮ್ಮ ಬಾಯಿಗೆ ದಾರಿಯೇ ಇಲ್ಲ ಅಂತ ತಿಳ್ಕೊಳ್ಳಿ. ಹಾಗಂತ ಆಣೆ ಇಟ್ಟರೆ ಹೇಳ್ತೀನಿ. ಇಡದಿದ್ದರೂ ಹೇಳ್ತೀನಿ, ಆದರೆ ಆಣೆ ಇಟ್ಟ ಕಿವಿಗೆ ಹೇಳಿದರೆ ರುಚಿ ಜಾಸ್ತಿ. ನಿಜ ಅಂದ್ರೆ ನಾನು ಇದನ್ನು ಬಾಯಲ್ಲಿ ಆಡೋ ಹಾಗೇ ಇಲ್ಲ. ಅದಕ್ಕೇ ಬರೀತಿದ್ದೀನಿ. ಯಾಕೆ ಆಡೋ ಹಾಗಿಲ್ಲ ಅನ್ನೋದು ಹೋಗ್ತಾ ಹೋಗ್ತಾ ತಿಳಿಯುತ್ತೆ. ಕೊಂಬು ದೀರ್ಘ ತಪ್ಪಿದ್ದರೆ ನುಂಗಿಕೊಳ್ಳಿ.

ನಮ್ಮೂರ ಹೆಸರು ಬೇಡ. ಲೋಕವೆಲ್ಲ ಬಡಿದಾಡಿದ ಆ ದೊಡ್ಡ ಯುದ್ಧ ಇತ್ತಲ್ಲ, ಅದು ನಮ್ಮೂರಿಗೆ ಬರಲೇ ಇಲ್ಲ. ನಮ್ಮೂರೇ ಸ್ವಲ್ಪ ಸ್ವಲ್ಪವಾಗಿ ಅದರ ಹತ್ತಿರ ಹೋಯಿತು. ಮೊದಲು ಹಿತ್ತಾಳೆ ಹೋಯಿತು. ಹಂಡೆ ಹೋಯಿತು, ಚೆಂಬು ಹೋಯಿತು, ಬಾಗಿಲ ಚಿಲಕ ಹೋಯಿತು, ದೇವರ ಗಂಟೆ ಹೋಯಿತು, ಎತ್ತಿನ ಕೊರಳ ಗೆಜ್ಜೆ ಹೋಯಿತು. ಎಲ್ಲ ಕರಗಿಸಿ ಗುಂಡು ಎರಕ ಹೊಯ್ಯಬೇಕಂತೆ. ಹಿತ್ತಾಳೆ ಹಿಂದೆ ಗಂಡಸರು ಹೋದರು. ಆಮೇಲೆ ಒಂದು ದಿನ ಯುದ್ಧ ಮುಗಿಯಿತು ಅಂತ ಡಂಗುರ ಸಾರಿದರು. ಡಂಗುರವೂ ಯುದ್ಧಕ್ಕೆ ಹೋಗಿತ್ತಲ್ಲ, ಡಂಗುರದವನು ಬರೀ ಬಾಯಲ್ಲಿ ಡಣ್ ಡಣ್ ಅಂತ ಅಂದ್ಕೊಂಡು ಬೀದಿ ಸುತ್ತಿದ. ಗಂಡಸರು ಕೆಲವರು ಬಂದರು, ಕೆಲವರು ಬರಲಿಲ್ಲ. ಹಿತ್ತಾಳೆ ಚೂರೂ ಬರಲಿಲ್ಲ.

ಅದರ ಬದಲಿಗೆ ಬಂದವನು ತೆರೆ ಯಜಮಾನ. ಚಿತ್ರವನ್ನೂ ಮಾತನ್ನೂ ಹಿಡಿಯೋ ಒಂದು ಯಂತ್ರವನ್ನು ಗಾಡಿಯ ಮೇಲೆ ಮಲಗಿಸ್ಕೊಂಡು ಬಂದ, ಬಾಣಂತಿಗೆ ಹೊದಿಸಿದ ಹಾಗೆ ಕಂಬಳಿ ಹೊದಿಸಿದ್ದ. ಊರಿನ ಹಿತ್ತಾಳೆ ಕೂಡಿಹಾಕಿದ್ದ ಉಗ್ರಾಣ ಖಾಲಿ ಬಿದ್ದಿತ್ತು. ಅಲ್ಲಿ ಒಂದು ಬಿಳೀ ಪಂಚೆ ಕಟ್ಟಿದ. ವರ್ಷಕ್ಕೆ ಒಂದು ಚಿತ್ರ, ಊರವರೇ ವೇಷಗಾರರು, ಊರವರೇ ನೋಡೋರು. ಸುಗ್ಗಿ ಮುಗಿದ ಹುಣ್ಣಿಮೆಯ ಸಂಜೆ ಚಿತ್ರ ತೋರಿಸೋದು, ಚೆನ್ನಾಗಿ ಮಾಡಿದ ಒಬ್ಬರಿಗೆ ಬೊಂಬೆ ಕೊಡೋದು. ಇದು ಅವನು ತಂದ ಪದ್ಧತಿ.

ಬೊಂಬೆ ಹಿತ್ತಾಳೆಯದ್ದೇ ಆಗಬೇಕಾಗಿತ್ತಂತೆ. ಎಲ್ಲಿಂದ ತರೋಣ? ನನ್ನ ಪಕ್ಕದ ಮನೆ ಕಂಚುಗಾರನದು. ಊರ ಹಿತ್ತಾಳೆಯನ್ನೆಲ್ಲ ಗಾಡಿಗೆ ಹೇರುವಾಗ ಅವನು, ನಾನು ಬಡಿದ ಪಾತ್ರೆ, ಕರಗಿಸೋದಿದ್ದರೆ ನಾನೇ ಕರಗಿಸ್ತೀನಿ ಅಂತ ಗಾಡಿ ಹತ್ತಿ ಹೋದವನು ಬಂದಿರಲಿಲ್ಲ. ಅವನ ಹೆಂಡತಿ ಇದ್ದಳು. ಅವಳು ಕೆರೆಯ ಜೇಡಿಮಣ್ಣು ತಂದು ಒಂದು ಬೊಂಬೆ ಮಾಡಿ, ಹಿತ್ತಾಳೆ ಹಾಗೆ ಕಾಣಲಿ ಅಂತ ಮೈಗೆಲ್ಲ ಅರಿಸಿನ ಬಳಿದು ಕೊಟ್ಟಳು. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಬಾಯಿ ಯಾಕೆ ಇಡಲಿಲ್ಲ ಅಂತ ನಾನು ಗೋಡೆ ಮೇಲಿಂದ ಕೇಳಿದೆ. ಅವಳು ನಕ್ಕು ಸುಮ್ಮನಾದಳು. ಮಾತಾಡದ ಹೆಂಗಸನ್ನು ನಂಬಬೇಡಿ, ಒಳಗೆ ಏನೋ ಬೇಯಿಸ್ತಿರ್ತಾಳೆ.

ಮೊದಲ ವರ್ಷ ಬೊಂಬೆ ಬಂದದ್ದು ಗಾಣಿಗನಿಗೆ, ರಾಜನ ಪಾತ್ರಕ್ಕೆ. ತೆರೆ ಯಜಮಾನ ಬೊಂಬೆ ಎತ್ತಿ ಹಿಡಿದು, "ಯಾರು ಆಗಿದ್ದರೋ ಅವರೇ ಆಗಲಿ" ಅಂದ. ಅದೇನು ಆಶೀರ್ವಾದವೋ ಏನೋ, ಜನವೂ "ಆಗಲಿ" ಅಂತು. ಗಾಣಿಗ ಬೆವೆತ ಅಂಗೈಯಲ್ಲಿ ಬೊಂಬೆ ಹಿಡಿದ. ಅರಿಸಿನ ಹತ್ತಿತು. ಮನೆಗೆ ಹೋಗಿ ಸೀಗೆಕಾಯಿ ಹಾಕಿ ಉಜ್ಜಿದ, ಹುಣಿಸೆಹಣ್ಣು ಹಾಕಿ ಉಜ್ಜಿದ, ಬೂದಿ ಹಾಕಿ ಉಜ್ಜಿದ. ಹೋಗಲಿಲ್ಲ. ಬೆಳಿಗ್ಗೆ ಎದ್ದು ಆ ಹಳದಿ ಕೈ ಎತ್ತಿ ಎತ್ತಿಗೆ ಹೊಡೆಯೋಕೆ ಹೋದರೆ ಎತ್ತು ಮಂಡಿಯೂರಿತು. ಎತ್ತೇ ಊರಿದ ಮೇಲೆ ನಾವು ಊರದೆ ಇರೋಕಾಗುತ್ತಾ? ಮುಂದಿನ ಬೊಂಬೆಯ ತನಕ ಗಾಣಿಗ ರಾಜ. ಗಾಣದ ಮೇಲೆ ಕೂತು ನ್ಯಾಯ ಹೇಳ್ತಿದ್ದ, ಗಾಣದ ಸುತ್ತ ಅವನ ಹೆಂಡತಿ ತಿರುಗ್ತಿದ್ದಳು. ಮರುವರ್ಷ ಬೊಂಬೆ ಬೇರೆಯವರ ಕೈಗೆ ಬಂದ ಗಳಿಗೆಗೆ ಗಾಣಿಗನ ಅಂಗೈ ಮಗುವಿನ ಅಂಗೈಯ ಹಾಗೆ ತೊಳೆದುಹೋಯಿತು. ರಾಜತ್ವವೂ ಹೋಯಿತು. ಹೆಂಡತಿ ಅವನನ್ನು ಗಾಣದಿಂದ ಇಳಿಸಿ ಏನು ಮಾಡಿದಳು ಅಂತ ನಾನು ನೋಡಿದ್ದೀನಿ, ಬರೆಯೋಲ್ಲ.

ಅಲ್ಲಿಂದ ವರ್ಷಕ್ಕೊಂದು ಹೊಸ ಬೊಂಬೆ, ಅದೇ ಕಟ್ಟಳೆ. ಅಂಗೈ ಹಳದಿ ಇರೋ ತನಕ ಚಿತ್ರದಲ್ಲಿ ಏನೋ ಊರಲ್ಲೂ ಅದೇ. ಸೂಲಗಿತ್ತಿಗೆ ಕಳ್ಳಿಯ ಪಾತ್ರಕ್ಕೆ ಬೊಂಬೆ ಬಂತು. ಆ ವರ್ಷವೆಲ್ಲ ಊರವರು ಬಾಗಿಲು ತೆರೆದಿಟ್ಟು, ಅವಳು ಬಂದಾಗ ಆ ಕಡೆ ತಿರುಗಿ ಕೂರಬೇಕಾಗಿತ್ತು. ನನ್ನ ಒರಳುಕಲ್ಲಿನ ಗುಂಡು ತಗೊಂಡು ಹೋದವಳು ಇವತ್ತಿಗೂ ಕೊಟ್ಟಿಲ್ಲ. ಕೇಳಿದರೆ ಅದು ಕಟ್ಟಳೆಯಲ್ಲಿ ಕದ್ದದ್ದು ಅಂತಾಳೆ. ಒಬ್ಬಳು ದೆವ್ವದ ಪಾತ್ರಕ್ಕೆ ಗೆದ್ದಳು. ಗಂಡ ಅವಳನ್ನು ಕಂಡು ಹೆದರಬೇಕು ಅಂತ ಹಿರಿಯರು ಹೇಳಿದಾಗ ಅವನು, ಹೊಸದಾಗಿ ಏನಾದರೂ ಇದ್ದರೆ ಹೇಳಿ ಅಂದ. ಇನ್ನೊಂದು ವರ್ಷ ಮಡಿವಾಳ ಹೆಣದ ಪಾತ್ರ ಎಷ್ಟು ಚೆನ್ನಾಗಿ ಮಾಡಿದ ಅಂದ್ರೆ ಬೊಂಬೆ ಅವನಿಗೇ ಬಂತು. ಸುಡೋದಾ ಬೇಡವಾ ಅಂತ ಹಿರಿಯರು ಕೂತು ಯೋಚಿಸಿ, ಸುಡೋದು ಬೇಡ, ಮಿಕ್ಕಿದ್ದೆಲ್ಲ ಆಗಲಿ ಅಂದರು. ಹೆಂಡತಿ ಹಿತ್ತಲಲ್ಲಿ ಕಾಗೆಗೆ ಪಿಂಡ ಇಡೋದು, ಸತ್ತವನು ಬೇಲಿಯ ಹಿಂದಿಂದ ಬಂದು ಕಾಗೆಗಿಂತ ಮೊದಲು ತಿನ್ನೋದು. ಹಾಗೇ ವರ್ಷ ಕಳೆಯಿತು. ಈಗಲೂ ಪಾಪ ಊಟಕ್ಕೆ ಮೊದಲು ಮಾಡಿನ ಕಡೆ ನೋಡಿ ಕಾಗೆಗಳ ಅಪ್ಪಣೆ ಕೇಳ್ತಾನೆ.

ಹಿರಿಯರು ಅಂದೆನಲ್ಲ, ಅವರು ತೀರ್ಪು ಹೇಳೋ ರೀತಿ ಕೇಳಿ. ಬಿಳೀ ರುಮಾಲು ಸುತ್ತಿ ತೆರೆಗೆ ಬೆನ್ನು ಹಾಕಿ ಕೂರ್ತಾರೆ. ಚಿತ್ರ ನೋಡೋದೇ ಇಲ್ಲ. ಚಿತ್ರ ನೋಡೋ ನಮ್ಮ ಮುಖ ನೋಡ್ತಾರೆ. ತೆರೆಯ ಮೇಲಿರೋದು ಬರೀ ಬೆಳಕು, ಬೆಳಕು ಯಾರಿಗೆ ಬೇಕಾದರೂ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ ಅನ್ನೋದು ಅವರ ಮಾತು. ಮುಖ ಎಂಥೆಂಥ ಸುಳ್ಳು ಹೇಳುತ್ತೆ ಅಂತ ನನ್ನನ್ನು ಕೇಳಿದ್ದರೆ ಹೇಳ್ತಿದ್ದೆ. ಕೇಳಲಿಲ್ಲ.

ಇನ್ನು ಅಸಲು ಸಂಗತಿಗೆ ಬರ್ತೀನಿ. ನಮ್ಮದು ಕಾಯೋರ ಬೀದಿ. ಗಂಡ ಯುದ್ಧದಿಂದ ಬಾರದ ಹೆಂಗಸರ ಮನೆಗಳೆಲ್ಲ ಇಲ್ಲೇ. ಸಂಜೆ ಆದರೆ ಒಬ್ಬೊಬ್ಬರದು ಒಂದೊಂದು ಆಟ. ಒಬ್ಬಳು ದೀಪ ಹಿಡಿದು ಬೀದಿ ಬಾಗಿಲಲ್ಲಿ ನಿಲ್ತಾಳೆ. ಒಬ್ಬಳು ಎರಡು ಎಲೆ ಹಾಕ್ತಾಳೆ. ನನ್ನ ಪಕ್ಕದವಳು, ಕಂಚುಗಾರನ ಹೆಂಡತಿ, ಗಂಡನ ಕೊಡತಿ ತಗೊಂಡು ಅಂಗಳದ ಕಲ್ಲಿನ ಮೇಲೆ ಠಕ್ ಠಕ್ ಅಂತ ಬಡೀತಾಳೆ. ಎಲ್ಲಿದ್ದರೂ ಆ ಸದ್ದು ಅವನಿಗೆ ಕೇಳುತ್ತಂತೆ, ದಾರಿ ಸಿಗುತ್ತಂತೆ. ಅವನಿಗೆ ಕೇಳಿತೋ ಇಲ್ಲವೋ, ನನ್ನ ತಲೆಗಂತೂ ಕೇಳ್ತಿತ್ತು.

ನನಗೆ ಅಂಥ ಹುಚ್ಚಿಲ್ಲ. ನಮ್ಮ ಯಜಮಾನರನ್ನು ಯಾರೂ ಯುದ್ಧಕ್ಕೆ ಕರೆದಿರಲೇ ಇಲ್ಲ. ವಯಸ್ಸು ಮೀರಿತ್ತು, ಒಂದು ಕಿವಿ ಮಂದ. ಯುದ್ಧದಲ್ಲಾದರೆ ಸದ್ದು ಕಡಿಮೆ ಇರುತ್ತೆ ಅಂತ ಹೊರಟರು ಅಂತ ಊರವರು ಆಡ್ಕೊಳ್ತಾರೆ, ಆಡ್ಕೊಳ್ಳಲಿ. ಹೋದದ್ದೇ ಒಳ್ಳೇದಾಯಿತು, ಮನೆಯಲ್ಲಿ ಜಾಗ ಆಯಿತು. ನಾನು ಸಂಜೆ ಹೊಸ್ತಿಲ ಹೊರಗೆ ಮಣ್ಣಿನ ಕುಡಿಕೆಯಲ್ಲಿ ನೀರು ತುಂಬಿಟ್ಟು, ಎಲೆಅಡಿಕೆ ಸಂಚಿ ಹಿಡಿದು ಜಗಲಿಯಲ್ಲಿ ಕೂರ್ತೀನಿ. ನೀರು ಕಾಗೆಗೆ. ಜಗಲಿ ನನಗೆ. ಹಾದುಹೋಗೋರನ್ನು, ಏ ಇವಳೇ, ಬಾ ಇಲ್ಲಿ ಅಂತ ಕರೆದು ನಾಲ್ಕು ಮಾತಾಡ್ತೀನಿ. ಅದಕ್ಕೇ ಊರಲ್ಲಿ ನನ್ನ ಹೆಸರು ಜಗಲಿಯಜ್ಜಿ.

ಒಂದು ವರ್ಷ ತೆರೆ ಯಜಮಾನ ಹೊಸ ಕಥೆ ತಂದ. ಹೆಂಗಸೊಬ್ಬಳು ಬಾಗಿಲು ತೆರೀತಾಳೆ, ಯುದ್ಧಕ್ಕೆ ಹೋದ ಗಂಡ ಹೊರಗೆ ನಿಂತಿರ್ತಾನೆ. ಅಷ್ಟೇ ಕಥೆ. ಅದನ್ನು ಕೇಳಿದ್ದೇ ಕಾಯೋರ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಯಾಕೆ ಗೊತ್ತಾಯಿತಲ್ಲ? ಸೂಲಗಿತ್ತಿ ಕಳ್ಳಿಯಾದಾಗ ನಮ್ಮ ಬಾಗಿಲುಗಳೆಲ್ಲ ತೆರೆದಿರಬೇಕಾಯಿತು. ಅಂದ ಮೇಲೆ ಕಟ್ಟಳೆ ಕಟ್ಟೋದು ಬೊಂಬೆ ಹಿಡಿದ ಕೈಯನ್ನು ಮಾತ್ರ ಅಲ್ಲ, ಆ ಪಾತ್ರಕ್ಕೆ ಬೇಕಾದ್ದನ್ನೆಲ್ಲ ಕಟ್ಟುತ್ತೆ. ಗಂಡ ಬಂದ ಹೆಂಡತಿಯ ಪಾತ್ರಕ್ಕೆ ಬೊಂಬೆ ಬಂದರೆ, ಗಂಡ ಎಲ್ಲಿದ್ದರೂ ಬರಲೇಬೇಕು. ಮಣ್ಣಿನಡಿ ಇದ್ದರೂ ಕೊಡವಿಕೊಂಡು ಎದ್ದು ಬರಬೇಕು.

ಬೀದಿಯ ಹೆಂಗಸರೆಲ್ಲ ಆ ಪಾತ್ರ ನನಗೆ ನನಗೆ ಅಂತ ತೆರೆ ಯಜಮಾನನ ಮುಂದೆ ನಿಂತರು. ಅವನು, ಎಲ್ಲರೂ ಮಾಡಿ, ಒಬ್ಬೊಬ್ಬರು ಬಾಗಿಲು ತೆರೆಯಿರಿ, ಎಲ್ಲರದನ್ನೂ ಹಿಡೀತೀನಿ ಅಂದ.

ಅವತ್ತು ಸಂಜೆ ಕಂಚುಗಾರನ ಹೆಂಡತಿ ಮೊದಲ ಸಲ ಗೋಡೆ ದಾಟಿ ನನ್ನ ಜಗಲಿಗೆ ಬಂದಳು. ಕೂರಲಿಲ್ಲ. "ಅಜ್ಜಿ, ನೀವು ಮಾಡಬೇಡಿ" ಅಂದಳು.

"ನನಗೇನು ತಲೆ ಕೆಟ್ಟಿದೆಯಾ? ಯಾವ ಗಂಡ ಬೇಕಾಗಿದ್ದಾನೆ ನನಗೆ? ಇದ್ದಾಗಲೇ ಬೇಕಾಗಿರಲಿಲ್ಲ" ಅಂದೆ.

ಅವಳು ನನ್ನ ಕುಡಿಕೆ ನೋಡಿದಳು, ನನ್ನ ಮುಖ ನೋಡಿದಳು, ಹೋದಳು.

ಚಿತ್ರ ಹಿಡಿಯೋ ದಿನ ನಾನು ಹೋದದ್ದು ಸುಮ್ಮನೆ, ಯಾರು ಯಾರು ಹೇಗೆ ಬಣ್ಣ ಬಳ್ಕೊಂಡಿದ್ದಾರೆ ನೋಡೋಣ ಅಂತ. ಉಗ್ರಾಣದ ಮಧ್ಯೆ ಗೋಡೆಯಿಲ್ಲದೆ ಬರೀ ಒಂದು ಬಾಗಿಲು ನಿಲ್ಲಿಸಿದ್ದರು. ಬಾಗಿಲಾಚೆ ಒಂದು ಕೋಲು, ಕೋಲಿಗೆ ಸಿಪಾಯಿ ಅಂಗಿ. ಅದೇ ಗಂಡ. ಒಬ್ಬಳು ಬಾಗಿಲು ತೆರೆದು ಹೋ ಅಂತ ಅತ್ತಳು. ಒಬ್ಬಳು ಬಿದ್ದಳು, ಬೀಳೋ ಮೊದಲು ಸೀರೆ ಸರಿಮಾಡ್ಕೊಂಡದ್ದನ್ನು ನಾನು ಕಂಡೆ. ಒಬ್ಬಳು ಆರತಿ ತಟ್ಟೆಯನ್ನೇ ತಂದಿದ್ದಳು. ಕಂಚುಗಾರನ ಹೆಂಡತಿಯ ಸರದಿ ಬಂತು. ಬಾಗಿಲು ತೆರೆದಳು. ಅಳಲಿಲ್ಲ. ಹತ್ತಿರ ಹೋಗಿ, ಅಂಗಿಯ ತೋಳ ತುದಿಯಲ್ಲಿ ಬಿಟ್ಟುಕೊಂಡಿದ್ದ ಒಂದು ದಾರ ಹಿಡಿದು, ಬಗ್ಗಿ ಹಲ್ಲಲ್ಲಿ ಕಡಿದಳು. ಅಷ್ಟೇ. ಯಂತ್ರ ತಿರುಗಿಸ್ತಿದ್ದ ತೆರೆ ಯಜಮಾನ ನಿಲ್ಲಿಸೋದನ್ನೇ ಮರೆತ. ಬೊಂಬೆ ಇವಳದೇ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ನಾನು ಎದ್ದೆ, ಮನೆಗೆ ಹೋಗೋಣ ಅಂತ. ಉಗ್ರಾಣದಿಂದ ಹೊರಗೆ ಹೋಗೋಕೆ ಆ ಬಾಗಿಲೇ ಹತ್ತಿರ. ತೆರೆದೆ. ಅಂಗಿ ನಿಂತಿತ್ತು. ಬೆನ್ನು ಸ್ವಲ್ಪ ಬಗ್ಗಿತ್ತು, ಕೋಲೇ ಸೊಟ್ಟ. ಬಾಯಿಗೆ ಬಂದದ್ದು ಅಂದೆ: "ಇಷ್ಟು ಹೊತ್ತು ಮಾಡೋದಾ? ಕಾಲು ತೊಳ್ಕೊಂಡು ಒಳಗೆ ಬನ್ನಿ."

ಯಂತ್ರ ತಿರುಗ್ತಾನೇ ಇತ್ತಲ್ಲ. ಅದನ್ನೂ ಹಿಡಿಯಿತು.

ಹುಣ್ಣಿಮೆಯ ಸಂಜೆ ಊರೆಲ್ಲ ಉಗ್ರಾಣದಲ್ಲಿ. ಹಿರಿಯರು ತೆರೆಗೆ ಬೆನ್ನು ಹಾಕಿ ನಮ್ಮ ಮುಖ ನೋಡ್ತಾ ಕೂತರು. ಕಂಚುಗಾರನ ಹೆಂಡತಿ ತೆರೆಯ ಮೇಲೆ ಬಂದು ಆ ದಾರ ಕಡಿಯುವಾಗ ಉಗ್ರಾಣದಲ್ಲಿ ಒಂದು ರೆಪ್ಪೆ ಅಲುಗಲಿಲ್ಲ. ಉಸಿರಿರಲಿಲ್ಲ. ಮಗು ಸಹಿತ ಮೊಲೆ ಬಿಟ್ಟು ನೋಡ್ತಿತ್ತು. ಕೊನೆಗೆ ನಾನು ಬಂದೆ. ಕಾಲು ತೊಳ್ಕೊಂಡು ಒಳಗೆ ಬನ್ನಿ ಅಂದೆ. ಕೂತಿದ್ದ ಗಂಡಸರೆಲ್ಲ ಸರಕ್ ಅಂತ ಕಾಲು ಒಳಗೆಳ್ಕೊಂಡರು. ಹೆಂಗಸರು ಗಂಡಸರ ಕಾಲು ನೋಡಿದರು. ಉಗ್ರಾಣವೇ ಕಾಲು ಮಡಿಸಿ ಕೂತಿತು.

ಹಿರಿಯರು ತೀರ್ಪು ಹೇಳಿದರು. ಕಂಚುಗಾರನ ಹೆಂಡತಿ ಬಂದಾಗ ಜನ ಕಲ್ಲಿನ ಹಾಗೆ ಕೂತಿದ್ದರು, ಯಾರಿಗೂ ಏನೂ ಆಗಲಿಲ್ಲ. ಜಗಲಿಯಜ್ಜಿ ಬಂದಾಗ ಊರಿಗೆ ಊರೇ ಅಲ್ಲಾಡಿತು. ಬೊಂಬೆ ಜಗಲಿಯಜ್ಜಿಗೆ.

ಬೊಂಬೆ ಮಾಡಿದವಳೇ ಅದನ್ನು ತಂದು ಗೆದ್ದವರ ಕೈಗೆ ಇಡಬೇಕು, ಅದು ವಾಡಿಕೆ. ಅವಳು ತಂದಳು. ನನ್ನ ಕೈಗೆ ಇಟ್ಟಳು. "ಯಾರು ಆಗಿದ್ದರೋ ಅವರೇ ಆಗಲಿ" ಅಂದ ತೆರೆ ಯಜಮಾನ. "ಆಗಲಿ" ಅಂತು ಜನ. ನನ್ನ ಅಂಗೈ ಹಳದಿಯಾಯಿತು. ಬೇಡ ಅನ್ನಬಹುದಿತ್ತಲ್ಲ ಅಂತ ನೀವು ಕೇಳಬಹುದು. ಊರೆಲ್ಲ ನೋಡ್ತಿರುವಾಗ ಕೊಟ್ಟದ್ದನ್ನು ಬೇಡ ಅನ್ನೋಕೆ ನಾನೇನು ಮರ್ಯಾದೆಗೆಟ್ಟವಳಾ?

ಅಲ್ಲಿಂದ ಊರು ನನ್ನ ಗಂಡನನ್ನು ಕಾಯೋಕೆ ಶುರುಮಾಡಿತು. ನನ್ನ ಬಾಗಿಲ ಮುಂದೆ ಚಪ್ಪರ ಹಾಕಿದರು. ಸಂಜೆ ಆದರೆ ಹಿರಿಯರು ಬಂದು ಜಗಲಿಯಲ್ಲಿ ಕೂತು ನನ್ನ ಎಲೆಅಡಿಕೆ ಖಾಲಿ ಮಾಡೋದು. ನಾನು ಕುಡಿಕೆಗೆ ನೀರು ತುಂಬಿಡೋದು, ಕಾಗೆಗೆ. ಪಕ್ಕದಲ್ಲಿ ಅವಳು ಠಕ್ ಠಕ್ ಬಡಿಯೋದು. ನಿನಗಿನ್ನೇನು ಕೆಲಸ, ನಿಲ್ಲಿಸೇ ಅಂತ ಹಿರಿಯರು ಕೂಗಿದರು. ಅವಳು ನಿಲ್ಲಿಸಲಿಲ್ಲ.

ಒಂದು ಸಂಜೆ ಸಿಪಾಯಿ ಅಂಗಿ ತೊಟ್ಟ ಒಬ್ಬ ಬೀದಿಯ ತುದಿಯಲ್ಲಿ ಕಂಡ. ನಾನು ಎದ್ದುನಿಂತೆ. ಮೊಣಕಾಲಿಗೆ ಆ ದಿನ ಯಾಕೋ ನೋವಿರಲಿಲ್ಲ. ಅವನು ಹತ್ತಿರ ಬಂದ. ಬೆನ್ನು ನೆಟ್ಟಗಿತ್ತು. ವಯಸ್ಸು ಚಿಕ್ಕದು. ಬಂದವನು ಪಕ್ಕದ ಮನೆ ಕಂಚುಗಾರ.

ಅವನು ಆ ಸದ್ದಿನ ಕಡೆಗೇ ನಡೆದ. ಅವಳ ಕೈಯಿಂದ ಕೊಡತಿ ಬಿತ್ತು. ಅವರಿಬ್ಬರ ಮಧ್ಯೆ ಒಂದು ಮಾರು ಜಾಗ ಉಳಿದಿತ್ತು, ಅಷ್ಟರಲ್ಲಿ ಹಿರಿಯರು ನನ್ನ ಜಗಲಿಯಿಂದ ಇಳಿದು ಅಡ್ಡ ನಿಂತರು.

ನ್ಯಾಯ ಅಲ್ಲೇ, ಬೀದಿಯಲ್ಲೇ ಆಯಿತು. ಬರಬೇಕಾಗಿದ್ದವನು ಯಾರು? ಜಗಲಿಯಜ್ಜಿಯ ಗಂಡ. ಒಬ್ಬ ಬಂದಿದ್ದಾನಾ? ಬಂದಿದ್ದಾನೆ. ಹಾಗಾದರೆ ಇವನೇ ಅವನು. ಕಂಚುಗಾರ ಬಾಯಿ ಬಿಟ್ಟು, ನಾನು ಕಂಚುಗಾರ, ಇದು ನನ್ನ ಮನೆ, ಇವಳು ನನ್ನ ಹೆಂಡತಿ, ಈ ಅಜ್ಜಿ ನನ್ನ ನಾಮಕರಣಕ್ಕೆ ಬಂದು ಪಾಯಸ ನೀರು ಅಂತ ಜಗಳ ಆಡಿದೋರು ಅಂದ. ಪಾಯಸ ನೀರಾಗೇ ಇತ್ತು. ಯುದ್ಧಕ್ಕೆ ಹೋದವರಿಗೆ ಮರೆವು ಸಹಜ ಅಂದರು ಹಿರಿಯರು. ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದರು, ನೋಡಪ್ಪಾ, ಕಂಚುಗಾರನಿಗೆ ಬರೋಕೆ ಕಟ್ಟಳೆ ಇಲ್ಲ. ಕಟ್ಟಳೆ ಇರೋದು ಅಜ್ಜಿಯ ಗಂಡನಿಗೆ. ನೀನು ಅಜ್ಜಿಯ ಗಂಡ ಅಲ್ಲ ಅಂದರೆ ನೀನು ಬಂದೇ ಇಲ್ಲ. ಬಾರದವನು ಬೀದಿಯಲ್ಲಿ ನಿಲ್ಲೋ ಹಾಗಿಲ್ಲ, ವಾಪಸ್ ಹೊರಡು.

ಆಗ ಅವಳು ಮುಂದೆ ಬಂದಳು. ಅವನ ತೋಳು ಹಿಡಿದಳು. ಎಲ್ಲರ ಕಣ್ಣೆದುರಿಗೆ ತನ್ನ ಗಂಡನನ್ನು ನಡೆಸ್ಕೊಂಡು ಬಂದು ನನ್ನ ಹೊಸ್ತಿಲ ಮುಂದೆ ನಿಲ್ಲಿಸಿದಳು. "ಒಳಗೆ ಹೋಗಿ. ಗೋಡೆ ಆಚೆ ಇದ್ದೀರಿ ಅಂದ್ಕೊಳ್ತೀನಿ" ಅಂದಳು. ಅವನು ನನ್ನ ಕುಡಿಕೆಯ ನೀರು ತಗೊಂಡು ಕಾಲು ತೊಳೆದ. ಅದು ಕಾಗೆಗೆ ಇಟ್ಟ ನೀರು. ಹೋಗಲಿ ಬಿಡಿ.

ಆ ವರ್ಷ ಊರು ಆಡಿಕೊಂಡದ್ದು ನನ್ನನ್ನೇ. ಈ ವಯಸ್ಸಿಗೆ ಇಂಥ ಗಂಡ ಅಂತ. ನೀರಿಗೆ ಹೋದರೆ ಬಾವಿಕಟ್ಟೆ ಗಪ್ ಅನ್ನೋದು. ನಾನು ಬಂದರೆ ಮಾತು ಶುರುವಾಗಬೇಕು, ನಿಲ್ಲಬಾರದು, ನನ್ನ ಜನ್ಮದಲ್ಲಿ ಹೀಗಾಗಿರಲಿಲ್ಲ. ಅವನು ಮನೆಯೊಳಗೆ ನನ್ನನ್ನು ಅಜ್ಜಿ ಅಂತಿದ್ದ, ಹಿರಿಯರು ಬಂದಾಗ ಲೇ ಅಂತಿದ್ದ, ಅನ್ನುವಾಗ ಕಿವಿ ಕೆಂಪಗಾಗೋದು. ತುಂಬ ತಿಂತಿದ್ದ. ಸಂಜೆ ಪಕ್ಕದಲ್ಲಿ ಠಕ್ ಠಕ್ ಶುರುವಾದರೆ ಇವನ ಬೆರಳು ಗೋಡೆ ಮೇಲೆ ಅದೇ ತಾಳ ಹಾಕೋದು. ಗೋಡೆಗೆ ಹಣೆ ಒತ್ತಿ ನಿಂತುಬಿಡ್ತಿದ್ದ. ಒಂದು ಸಲ ಹಿರಿಯರು ಅದನ್ನು ಕಂಡು, ಮದುವೆಯಾದ ಗಂಡಸು ಪಕ್ಕದ ಮನೆ ಹೆಂಗಸಿನ ಗೋಡೆಗೆ ಒರಗಬಾರದು ಅಂತ ಅವನ ಕೈಲಿ ತಪ್ಪುಗಾಣಿಕೆ ಕಟ್ಟಿಸಿದರು.

ಅವಳೂ ಗೋಡೆಯಾಚೆಯಿಂದ ತಲೆ ಎತ್ತಿ ನೋಡೋಳು. ದಿನಾ ನೋಡೋಳು. ಗಂಡನನ್ನು ನೋಡ್ತಾಳೆ ಅಂದ್ಕೊಂಡು ನಾನು ಬೇಕೂಂತಲೇ ಅವನನ್ನು ಅಡುಗೆಮನೆಗೆ ಕಳಿಸ್ತಿದ್ದೆ. ಅವನು ಒಳಗೆ ಹೋದ ಮೇಲೂ ಅವಳು ನೋಡ್ತಾನೇ ಇರೋಳು. ನಾನು ಎಲೆಗೆ ಸುಣ್ಣ ಹಚ್ಚೋದು, ಉಗಿಯೋದು, ಮಂಡಿ ಹಿಡಿದು ಏಳೋದು, ಬೀದಿಯವರನ್ನು ಕರೆಯೋದು. ನಾನು ಆಗ ತಿಳ್ಕೋಬೇಕಿತ್ತು.

ವರ್ಷ ತುಂಬ್ತಾ ಬಂತು. ಹಿರಿಯರು ಒಂದು ಸಂಜೆ ಬಂದು ಅವನಿಗೆ ಹೇಳಿದರು. ಹೊಸ ಬೊಂಬೆ ಬಂದ ಗಳಿಗೆಗೆ ರಾಜ ಗಾಣಿಗನಾದ, ಕಳ್ಳಿ ಸೂಲಗಿತ್ತಿಯಾದಳು, ಸತ್ತವನು ಬದುಕಿದ. ಹಾಗೇ ಬಂದವನು ಬಾರದವನಾಗ್ತಾನೆ. ನಿನ್ನ ಅಂಗಿ ಒಗೆದಿಟ್ಟುಕೋ ಅಂದರು. ಅವನು ಅಂಗಿ ಒಗೆದು ಗೋಡೆಯ ಮೇಲೆ ಹರವಿದ. ಗೋಡೆಯಾಚೆ ಕೊಡತಿಯ ಸದ್ದು ನಿಂತಿತು. ಆಮೇಲೆ ಅದು ಕೇಳಲೇ ಇಲ್ಲ.

ತೆರೆ ಯಜಮಾನನ ಹತ್ತಿರ ಆ ವರ್ಷ ಕಥೆ ಮುಗಿದಿತ್ತು. ಊರಲ್ಲಿ ನಡೆದದ್ದನ್ನೇ ಚಿತ್ರ ಮಾಡ್ತೀನಿ ಅಂದ. ಗಂಡ ಬಂದ ಜಗಲಿಯಜ್ಜಿ ಜಗಲಿಯಲ್ಲಿ ಕೂತು ಊರ ಸುದ್ದಿ ಹೇಳೋದು, ಅದೇ ಚಿತ್ರ. ನನ್ನ ಪಾತ್ರ ನಾನೇ ಅಂತ ನಾನು ಸಂಚಿ ಹಿಡಿದು ಹೋಗಿ ಕೂತೆ, ದಿನಾ ಆಡೋದನ್ನೇ ಆಡಿ ಎದ್ದೆ. ಅಷ್ಟರಲ್ಲಿ ಕಂಚುಗಾರನ ಹೆಂಡತಿ ಬಂದಳು. ಕೂದಲಿಗೆ ಬೂದಿ ಬಳಿದಿದ್ದಳು. ಜಗಲಿಯಜ್ಜಿಯ ಪಾತ್ರ ನಾನೂ ಮಾಡ್ತೀನಿ ಅಂದಳು. ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅವಳು ಮಂಡಿ ಹಿಡಿದು ಕೂತಳು, ಎಲೆಗೆ ಸುಣ್ಣ ಹಚ್ಚಿದಳು, ಬಾಯಿ ತೆರೆದಳು.

ಅದೆಲ್ಲಿತ್ತೋ ಆ ಮಾತು. ಅಷ್ಟು ವರ್ಷ ಬೇಯಿಸಿಟ್ಟದ್ದನ್ನೆಲ್ಲ ಬಡಿಸಿದಳು.

ಹುಣ್ಣಿಮೆಯ ಸಂಜೆ ತೆರೆಯ ಮೇಲೆ ನಾನು ಬಂದಾಗ ಜನ ಆಕಳಿಸಿದರು. ದಿನಾ ಕೇಳೋದು ತಾನೇ. ಅವಳು ಬಂದಳು. ಏ ಇವಳೇ, ಬಾ ಇಲ್ಲಿ ಅಂದಳು. ಉಗ್ರಾಣದ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮುಂದೆ ತಮ್ಮ ಮನೆ ಸುದ್ದಿಯೇನೋ ಅಂತ ಅಕ್ಕಪಕ್ಕ ನೋಡಿದರು. ಗಂಡಸರು ರುಮಾಲು ಕೆಳಗೆಳ್ಕೊಂಡರು. ಸೂಲಗಿತ್ತಿ ಎದ್ದು ಹೊರಗೇ ಹೋದಳು, ಒರಳುಗುಂಡು ನೆನಪಾಗಿರಬೇಕು. ಹಿರಿಯರು ಆ ಮುಖಗಳನ್ನೆಲ್ಲ ನೋಡಿದರು.

ನಾನು ನಾನಾಗಿ ಸೋತೆ ಕಣ್ರೀ. ನನಗಿಂತ ಅವಳೇ ಚೆನ್ನಾಗಿ ನಾನು ಅಂತ ತೀರ್ಪಾಯಿತು.

ತಾನು ಮಾಡಿದ ಬೊಂಬೆಯನ್ನು ತಾನೇ ತನ್ನ ಅಂಗೈಗೆ ಇಟ್ಟುಕೊಂಡಳು. "ಯಾರು ಆಗಿದ್ದರೋ ಅವರೇ ಆಗಲಿ." "ಆಗಲಿ." ಆಗಲಿ ಅಂದವರಲ್ಲಿ ನನ್ನ ದನಿಯೂ ಇತ್ತು, ರೂಢಿ ನೋಡಿ. ನನ್ನ ಅಂಗೈ ನೋಡ್ಕೊಂಡೆ. ಬೆಳ್ಳಗೆ ತೊಳೆದುಹೋಗಿತ್ತು. ಅವಳದು ಹಳದಿ.

ಅವಳು ಸೀದಾ ನನ್ನ ಮನೆಗೆ ನಡೆದಳು. ಜಗಲಿ ಹತ್ತಿ ಕೂತಳು. ನನ್ನ ಸಂಚಿ ಬಿಚ್ಚಿದಳು. ಒಳಗೆ ತಿರುಗಿ, "ರೀ, ಇದ್ದೀರಾ?" ಅಂತ ಕೂಗಿದಳು. ಅಂಗಿ ಗುಂಡಿ ಹಾಕ್ಕೊಂಡು ಹೊರಡೋಕೆ ನಿಂತಿದ್ದವನು ಹೊರಗೆ ಬಂದ. ಹಿರಿಯರು ಬಂದು ನೋಡಿದರು. ಜಗಲಿಯಜ್ಜಿ ಇದ್ದಾಳೆ, ಅಂಗೈ ಹಳದಿ ಇದೆ, ಅಜ್ಜಿಯ ಗಂಡ ಬಂದಿದ್ದಾನೆ. ಎಲ್ಲ ಸರಿಯಾಗಿದೆ. ಹೋದರು. ಅವನು ಅವಳ ಪಕ್ಕ ಕೂತ. ಅವಳು ಅವನ ತೋಳ ತುದಿ ಹಿಡಿದು ನೋಡಿದಳು, ದಾರ ಏನಾದರೂ ಬಿಟ್ಟುಕೊಂಡಿದೆಯಾ ಅಂತ.

ನಾನು ಹಿರಿಯರ ಹಿಂದೆ ಓಡಿದೆ. ಅವಳು ನಾನಾದರೆ ನಾನು ಯಾರು ಅಂತ ಕೇಳಿದೆ. ಅವರಿಗೆ ಇದು ದೊಡ್ಡ ತೊಡಕಾಗಿ ಕಾಣಲಿಲ್ಲ. ಒಂದು ಮನೆ ಖಾಲಿ ಆಯಿತು, ಒಬ್ಬಳಿಗೆ ಮನೆ ಇಲ್ಲದಾಯಿತು, ಹೋಗಿ ಅದರಲ್ಲಿ ಇರು ಅಂದರು. ಮತ್ತೆ 'ಏ ಇವಳೇ' ಅಂತ ಯಾರನ್ನೂ ಕರೀಬೇಡ, ಊರ ಸುದ್ದಿ ಆಡಬೇಡ, ಅದು ಈಗ ಅಜ್ಜಿಯ ಹಕ್ಕು ಅಂದರು. ಕೇಳಿಸ್ಕೊಂಡಿರಲ್ಲ, ಯಾಕೆ ಬರೀತಿದ್ದೀನಿ ಅಂತ.

ನನ್ನ ಮನೆಯಿಂದ ನಾನು ತಗೊಂಡದ್ದು ಕುಡಿಕೆ ಒಂದನ್ನೇ. ಯಾರೂ ತಡೆಯಲಿಲ್ಲ. ಕಂಚುಗಾರನ ಮನೆ ಅಂಗಳದಲ್ಲಿ ಆ ಕಲ್ಲು ಇತ್ತು, ಕಲ್ಲಿನ ಮೇಲೆ ಕೊಡತಿ. ಮುಟ್ಟಲಿಲ್ಲ. ಕುಡಿಕೆಗೆ ನೀರು ತುಂಬಿ ಹೊಸ್ತಿಲ ಹೊರಗೆ ಇಟ್ಟೆ. ಈ ಮನೆಯ ಕಾಗೆಗಳೂ ಕಾಗೆಗಳೇ ಅಲ್ವಾ. ಸೂರ್ಯ ಉಗ್ರಾಣದ ಹಿಂದೆ ಇಳಿದ. ಹೊಸ್ತಿಲಲ್ಲಿ ಸುಮ್ಮನೆ ಕೂತೆ, ಈ ಮನೆಗೆ ಜಗಲಿ ಇಲ್ಲ.

ಗೋಡೆಯಾಚೆಯಿಂದ ಅವಳು ಕರೆದಳು. ಅಷ್ಟು ವರ್ಷ ಅಜ್ಜಿ ನೀವು, ಅಜ್ಜಿ ತಗೊಳ್ಳಿ ಅಂತಿದ್ದವಳು. ನನ್ನ ಮುಖಕ್ಕೆ ಮುಖ ಕೊಟ್ಟು, ದನಿ ತಗ್ಗಿಸಿ ಹೇಳಿದಳು:

"ಏ ಇವಳೇ, ಬಾ ಇಲ್ಲಿ. ಹತ್ತಿರ ಬಾ. ಇನ್ನೂ ಹತ್ತಿರ. ನನ್ನ ಬಾಯಿಂದ ನಿನ್ನ ಕಿವಿಗೆ. ನಿನ್ನ ಕಿವಿಯಿಂದ ನಿನ್ನ ಬಾಯಿಗೆ ದಾರಿಯೇ ಇಲ್ಲ ಅಂತ ತಿಳ್ಕೋ. ಈ ಬೀದಿಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಗಂಡ ಹೋದದ್ದೇ ಒಳ್ಳೇದಾಯ್ತು, ಮನೆಯಲ್ಲಿ ಜಾಗ ಆಯ್ತು ಅಂತ ಊರೆಲ್ಲ ಸಾರ್ತಾಳೆ. ಸಂಜೆ ಆದರೆ ಹೊಸ್ತಿಲ ಹೊರಗೆ ಕುಡಿಕೆ ತುಂಬ ನೀರಿಡ್ತಾಳೆ. ಕೇಳಿದರೆ ಕಾಗೆಗೆ ಅಂತಾಳೆ. ಹೊತ್ತು ಮುಳುಗಿದ ಮೇಲೆ ಯಾವ ಕಾಗೆ ನೀರಿಗೆ ಬರುತ್ತೆ, ನೀನೇ ಹೇಳೇ."